ಎಳೆ ಕುದುರೆಗೆ ಲಾಯ ಹುಡುಕುವುದು ಹೇಗೆ? ಹೊಸೂರು ಕಡೆಯವರಿಗೊಂದು ಮಾರ್ಗದರ್ಶಿ

ತಮಿಳರ ಆಡಿ ತಿಂಗಳಲ್ಲಿ ಈರೋಡ್ ಜಿಲ್ಲೆಯ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆ ಮುಗಿಯುತ್ತಿದ್ದಂತೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಜಾತ್ರೆಯಲ್ಲಿ ಒಂದು ಕುದುರೆ ಮರಿ ತಗೊಂಡ್ವಿ. ಮನೆ ಹತ್ತಿರ ಜಾಗ ಇಲ್ಲ. ಎಲ್ಲಿ ಬಿಡೋಣ?" ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಅರ್ಧ ಹೇಳುವ ಬದಲು ಪೂರ್ತಿಯಾಗಿ ಬರೆದುಬಿಡೋಣ ಅನ್ನಿಸಿತು.

ನಮ್ಮ ಕಡೆಗೆ ಕುದುರೆ ಹೊಸದಲ್ಲ. ತಮಿಳುನಾಡಿನ ಹೊಸೂರಿನ ಪಕ್ಕದ ಮತ್ತಿಗಿರಿಯ ಸರ್ಕಾರಿ ಜಾನುವಾರು ಫಾರಂ 1824ರಲ್ಲಿ ಶುರುವಾದದ್ದೇ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಕುದುರೆ ಒದಗಿಸಲು. ಹೊಸೂರಿನ ತಂಪು ಹವೆ, ಏರು ನೆಲ ಕುದುರೆಗೆ ಒಗ್ಗುತ್ತದೆ. ಆದರೆ ಊರಿನ ಹವೆ ಚೆನ್ನಾಗಿದ್ದ ಮಾತ್ರಕ್ಕೆ ಲಾಯ ಚೆನ್ನಾಗಿರುತ್ತದೆ ಅಂತೇನಿಲ್ಲ.

ಮೊದಲು ಒಂದು ಪದ. ತಿಂಗಳಿಗೆ ಇಷ್ಟು ಅಂತ ತಗೊಂಡು ಬೇರೆಯವರ ಕುದುರೆಯನ್ನು ಇಟ್ಟುಕೊಂಡು ಸಾಕುವುದಕ್ಕೆ ಬೋರ್ಡಿಂಗ್ ಅನ್ನುತ್ತಾರೆ. ಕುದುರೆಗೆ ಹಾಸ್ಟೆಲ್ ಇದ್ದ ಹಾಗೆ. ಮೇವು, ನೀರು, ಸ್ವಚ್ಛ ಮಾಡುವುದು ಎಲ್ಲ ಅವರದೇ ಆದರೆ ಫುಲ್ ಬೋರ್ಡಿಂಗ್. ಜಾಗ ಮಾತ್ರ ಅವರದು, ಮೇವು ಮತ್ತು ಆಳು ನಿಮ್ಮದು ಅನ್ನುವ ವ್ಯವಸ್ಥೆಯೂ ಇದೆ.

ಲಾಯ ನೋಡಲು ಹೋದವರು ಸಾಮಾನ್ಯವಾಗಿ ಸವಾರಿಯ ಅಂಗಳ, ಜೀನು ಇಡುವ ಕೋಣೆ, ಬಣ್ಣ ಬಳಿದ ಗೋಡೆ ನೋಡಿ ಒಪ್ಪಿಬಿಡುತ್ತಾರೆ. ನೀವು ದಿನಕ್ಕೆ ಒಂದು ಗಂಟೆ ಅಲ್ಲಿರಬಹುದು. ಉಳಿದ 23 ಗಂಟೆ ನಿಮ್ಮ ಮರಿ ಏನು ಮಾಡುತ್ತಿರುತ್ತದೆ? ಯಾರ ಜೊತೆ ಇರುತ್ತದೆ, ಏನು ತಿನ್ನುತ್ತದೆ, ಯಾರು ಅದನ್ನು ನೋಡುತ್ತಾರೆ? ಕೆಳಗಿನ ಹಂತಗಳೆಲ್ಲ ಆ 23 ಗಂಟೆಯ ಬಗ್ಗೆಯೇ.

1. ಮೊದಲು ನಿಮ್ಮ ಮರಿಯನ್ನು ತಿಳಿದುಕೊಳ್ಳಿ

ವಯಸ್ಸು ಸರಿಯಾಗಿ ಗೊತ್ತಾಗಬೇಕು. ಮಾರುವವರು ಹೇಳಿದ್ದನ್ನು ನಂಬಬೇಡಿ, ಪಶುವೈದ್ಯರಿಂದ ಹಲ್ಲು ನೋಡಿಸಿ. ಎರಡೂವರೆ ವರ್ಷದಿಂದ ಹಾಲುಹಲ್ಲು ಬೀಳಲು ಶುರುವಾಗಿ, ಐದು ವರ್ಷಕ್ಕೆ ಶಾಶ್ವತ ಹಲ್ಲುಗಳಿಂದ ಬಾಯಿ ತುಂಬುತ್ತದೆ.

ಯಾಕೆ ಮುಖ್ಯ ಅಂದರೆ, ಮುಂಗಾಲ ಮಂಡಿಯ ಹತ್ತಿರದ ಎಳೆಮೂಳೆ ಗಟ್ಟಿಯಾಗಲು ಎರಡರಿಂದ ಎರಡೂವರೆ ವರ್ಷ ಬೇಕು. ಬೆನ್ನುಮೂಳೆ ಪೂರ್ತಿ ಬಲಿಯಲು ಐದು ವರ್ಷವೂ ದಾಟುತ್ತದೆ. "ಒಂದೂವರೆ ವರ್ಷಕ್ಕೇ ಸವಾರಿ ಕಲಿಸಿಬಿಡ್ತೀವಿ ಸಾರ್" ಅಂತ ಹೆಮ್ಮೆಯಿಂದ ಹೇಳುವ ಲಾಯದಿಂದ ಅಲ್ಲೇ ವಾಪಸ್ ಬನ್ನಿ. ಮೂರು ವರ್ಷದವರೆಗೆ ಬೆನ್ನ ಮೇಲೆ ಯಾರೂ ಕೂರಬಾರದು. ಮೂರರ ಮೇಲೂ ಹಗುರ ಕೆಲಸ ಮಾತ್ರ.

ಮರಿ ಇನ್ನೂ ತಾಯಿಯ ಹಾಲು ಕುಡಿಯುತ್ತಿದ್ದರೆ ಈಗಲೇ ಸಾಗಿಸಬೇಡಿ. ನಾಲ್ಕರಿಂದ ಆರು ತಿಂಗಳಿಗೆ ಹಾಲು ಬಿಡಿಸುತ್ತಾರೆ. ಹಾಲು ಬಿಡಿಸುವುದು, ಊರು ಬದಲಿಸುವುದು ಎರಡೂ ಒಟ್ಟಿಗೆ ಆದರೆ ಮರಿ ಕುಗ್ಗಿಹೋಗುತ್ತದೆ. ಗಂಡು ಮರಿಯಾದರೆ ಇನ್ನೊಂದು ವಿಷಯ. ಒಂದು ವರ್ಷ ದಾಟಿದ ಮೇಲೆ ಅದನ್ನು ಹೆಣ್ಣು ಕುದುರೆಗಳ ಜೊತೆ ಬಿಡಲಾಗುವುದಿಲ್ಲ. ಬೀಜ ತೆಗೆಸುವ ಯೋಚನೆ ಇದೆಯಾ, ಇಲ್ಲದಿದ್ದರೆ ಗಂಡು ಮರಿಗಳಿಗೆ ಬೇರೆ ಬಯಲು ಇದೆಯಾ ಅಂತ ಮೊದಲೇ ಕೇಳಿ.

2. ಜಾಗ ಎಲ್ಲಿದೆ?

ವಾರಕ್ಕೆ ಎರಡು ಸಲವಾದರೂ ಹೋಗಿ ಬರುವಷ್ಟು ಹತ್ತಿರ ಇರಬೇಕು. ಕುದುರೆ ನೋಡಿ ಅನುಭವ ಇರುವ ವೈದ್ಯರು ಎಷ್ಟು ಹೊತ್ತಿಗೆ ಬಂದು ತಲುಪುತ್ತಾರೆ ಅಂತ ಕೇಳಿ. ಹಸು ನೋಡುವ ವೈದ್ಯರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಕುದುರೆ ನೋಡುವವರು ಕಡಿಮೆ. ದೊಡ್ಡ ತೊಂದರೆಯಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕಾಗಬಹುದು. ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವು ಬಂದರೆ ಗಾಡಿ ಸಿಗುತ್ತದಾ? ಮಳೆಗಾಲದಲ್ಲಿ ಆ ಮಣ್ಣುದಾರಿಯಲ್ಲಿ ಗಾಡಿ ಓಡುತ್ತದಾ?

ನಮ್ಮ ಕಡೆ ವಿಶೇಷವಾಗಿ ಇನ್ನು ಮೂರು ನೋಡಬೇಕು.

ಆನೆ. ರಾಗಿ ಕೊಯ್ಲಿನ ಸಮಯಕ್ಕೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳ್ಳಿ, ದೆಂಕಣಿಕೋಟೆ ಕಾಡಿಗೆ ಆನೆ ಹಿಂಡು ಬರುತ್ತದೆ, ಅಲ್ಲಿಂದ ಹೊಲಕ್ಕೆ ಇಳಿಯುತ್ತದೆ. ಹೊಲ ಕಾಯುವವರು ರಾತ್ರಿಯೆಲ್ಲ ಪಟಾಕಿ ಹೊಡೆಯುತ್ತಾರೆ, ಕೂಗುತ್ತಾರೆ. ಎಳೆ ಕುದುರೆ ಕತ್ತಲಲ್ಲಿ ಬೆದರಿ ಓಡಿದರೆ ಬೇಲಿಗೇ ಹೋಗಿ ಬೀಳುವುದು. ಕಾಡಂಚಿನ ಲಾಯವಾದರೆ, ನವೆಂಬರಿನಿಂದ ಫೆಬ್ರವರಿವರೆಗೆ ರಾತ್ರಿ ಮರಿಗಳನ್ನು ಒಳಗೆ ಕಟ್ಟುತ್ತಾರಾ, ಅಲ್ಲೇ ಯಾರಾದರೂ ಮಲಗುತ್ತಾರಾ ಅಂತ ಕೇಳಿ. ಚಿರತೆ ಓಡಾಡುವ ಜಾಗವಾದರೆ ಚಿಕ್ಕ ಮರಿಗಂತೂ ಇದು ಬೇಕೇ ಬೇಕು.

ಕಲ್ಲು ಕ್ವಾರಿ. ದಿನಾ ಬಂಡೆ ಸಿಡಿಸುವ ಕಡೆ ಹಳೆ ಕುದುರೆ ಹೊಂದಿಕೊಳ್ಳಬಹುದು, ಹೊಸ ಮರಿಗೆ ಕಷ್ಟ. ಧೂಳು ಬೇರೆ.

ಗುಲಾಬಿ ತೋಟ. ಹೊಸೂರಿನ ಗುಲಾಬಿ ಪಾಲಿಹೌಸ್‌ಗಳಲ್ಲಿ ಔಷಧಿ ಹೊಡೆಯುತ್ತಲೇ ಇರುತ್ತಾರೆ. ಅವುಗಳ ಬದುವಿನ ಹುಲ್ಲು ಹಸಿರಾಗಿ, ಸೊಂಪಾಗಿ ಬೆಳೆದಿರುತ್ತದೆ, ಬಿಟ್ಟಿ ಸಿಗುತ್ತದೆ. ಆಳುಗಳು ಅದನ್ನೇ ಕೊಯ್ದು ತಂದು ಹಾಕುವುದುಂಟು. ಹುಲ್ಲು ಎಲ್ಲಿಂದ ಬರುತ್ತದೆ ಅಂತ ಕೇಳುವಾಗ ಇದನ್ನೂ ನೇರವಾಗಿ ಕೇಳಿ.

3. ಹೇಳದೆ ಒಂದು ಸಲ ಹೋಗಿ

ಮೊದಲ ಸಲ ಹೇಳಿ ಹೋಗಿ, ಅದು ಮರ್ಯಾದೆ. ಎರಡನೇ ಸಲ ಮಧ್ಯಾಹ್ನ ಮೂರು ಮೂರೂವರೆಗೆ ಸುಮ್ನೆ ಹೋಗಿ. ಆಗ ಕೆಲಸದವರು ಊಟ ಮಾಡಿ ಮಲಗಿರುತ್ತಾರೆ, ಬಿಸಿಲು ಜಾಸ್ತಿ ಇರುತ್ತದೆ, ಕುದುರೆಗಳ ನಿಜವಾದ ಸ್ಥಿತಿ ಕಾಣುತ್ತದೆ.

ಮೊದಲು ನೀರಿನ ಬಕೆಟ್ ನೋಡಿ. ಒಳಗೆ ಕೈ ಹಾಕಿ ಗೋಡೆಯನ್ನು ಬೆರಳಿನಿಂದ ಸವರಿ. ಜಾರುವ ಪಾಚಿ ಹತ್ತಿದರೆ ಎಷ್ಟೋ ದಿನದಿಂದ ತೊಳೆದಿಲ್ಲ. ತಳದಲ್ಲಿ ಎರಡು ಇಂಚು ನೀರು, ಅದರಲ್ಲಿ ನೆನೆದ ಹೊಟ್ಟು, ಒಂದು ಸತ್ತ ನೊಣ ಇದ್ದರೆ ಅಂದಿನ ನೀರು ಬೆಳಗ್ಗೆಯೇ ಮುಗಿದಿದೆ ಅಂತ ಅರ್ಥ. 350 ಕೆಜಿ ತೂಕದ ಕುದುರೆಗೆ ದಿನಕ್ಕೆ 20ರಿಂದ 30 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನಾನು ಯಾವ ಲಾಯಕ್ಕೆ ಹೋದರೂ ಮೊದಲು ನೋಡುವುದು ಬಕೆಟ್ಟನ್ನೇ.

ಆಮೇಲೆ ಅಲ್ಲಿರುವ ಕುದುರೆಗಳನ್ನು ನೋಡಿ. ಹಿಂಗಾಲಿನ ಗೊರಸಿನ ಮೇಲ್ಭಾಗದಲ್ಲಿ ಕೂದಲು ಉದುರಿ, ಬಿಳಿ ಕಲೆ ಅಥವಾ ಗಾಯ ಇದೆಯಾ? ಹಿಂಗಾಲಿಗೆ ಹಗ್ಗ ಬಿಗಿದು ದಿನಗಟ್ಟಲೆ ನಿಲ್ಲಿಸುವುದರಿಂದ ಆಗುವುದು ಇದು. ಬಾಗಿಲಿನ ಮೇಲಂಚು ಕಡಿದು ಸವೆದಿದೆಯಾ? ಕೆಲವು ಕುದುರೆಗಳು ಮೇಲಿನ ಹಲ್ಲನ್ನು ಮರಕ್ಕೆ ಊರಿ, ಕತ್ತು ಬಿಗಿದು, 'ಗಕ್' ಅಂತ ಶಬ್ದ ಮಾಡಿ ಗಾಳಿ ಎಳೆಯುತ್ತವೆ. ಇನ್ನು ಕೆಲವು ನಿಂತಲ್ಲೇ ತಲೆಯನ್ನು ಆ ಕಡೆ ಈ ಕಡೆ ತೂಗುತ್ತಲೇ ಇರುತ್ತವೆ. ಒಂಟಿಯಾಗಿ, ಹುಲ್ಲಿಲ್ಲದೆ, ಕಟ್ಟಿದಲ್ಲೇ ನಿಂತು ಬೆಳೆದ ಕುದುರೆಗೆ ಅಂಟಿಕೊಳ್ಳುವ ಚಾಳಿ ಇವು. ಒಂದೆರಡು ಕುದುರೆಯಲ್ಲಿ ಇದ್ದರೆ ಹಳೆಯ ಲಾಯದಿಂದ ತಂದಿರಬಹುದು. ಅರ್ಧದಷ್ಟು ಕುದುರೆಗಳಲ್ಲಿ ಕಂಡರೆ ಅಲ್ಲಿ ಮರಿ ಬಿಡಬೇಡಿ. ಒಮ್ಮೆ ಅಂಟಿದ ಚಾಳಿ ಬಿಡಿಸುವುದು ಬಹಳ ಕಷ್ಟ.

ಗೋಡೆಗೆ ತೂಗಿಹಾಕಿದ ಲಗಾಮುಗಳನ್ನೂ ನೋಡಿ. ಬಾಯೊಳಗೆ ಹೋಗುವ ಕಬ್ಬಿಣಕ್ಕೆ ಮುಳ್ಳು ಇದೆಯಾ? ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮದಲ್ಲೇ ಮುಳ್ಳಿನ ಲಗಾಮನ್ನು ನಿಷೇಧಿಸಲಾಗಿದೆ. ಅದು ಇನ್ನೂ ಗೋಡೆಯ ಮೇಲಿದ್ದರೆ ಹೆಚ್ಚು ಮಾತಾಡುವ ಅಗತ್ಯವಿಲ್ಲ.

4. ಬಯಲು, ಬೇಲಿ, ಜೊತೆ

ಬೇಲಿ ಹಾಕಿ ಕುದುರೆಗಳನ್ನು ಬಿಡುವ ಬಯಲಿಗೆ ಪ್ಯಾಡಕ್ ಅನ್ನುತ್ತಾರೆ. ಮರಿಗೆ ಇದು ಮೇವಿನಷ್ಟೇ ಮುಖ್ಯ. ಓಡಿ, ತಿರುಗಿ, ನಿಂತು, ಮತ್ತೆ ಓಡಿದಾಗಲೇ ಮೂಳೆ ಮತ್ತು ಸ್ನಾಯುಬಂಧ ಬಲಿಯುವುದು. "ಬಿಡ್ತೀವಿ ಸಾರ್" ಅನ್ನುವ ಉತ್ತರ ಸಾಲದು. ಎಷ್ಟು ಗಂಟೆಗೆ ಬಿಡುತ್ತೀರಿ, ಎಷ್ಟು ಗಂಟೆಗೆ ಕಟ್ಟುತ್ತೀರಿ, ಮಳೆ ಬಂದ ದಿನ ಏನು ಮಾಡುತ್ತೀರಿ ಅಂತ ಕೇಳಿ. ದಿನಕ್ಕೆ ಎಂಟು ಗಂಟೆಗಿಂತ ಕಡಿಮೆ ಬಿಡುವ ಜಾಗ ಎಳೆ ಕುದುರೆಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಜೊತೆಗೆ ಇನ್ನೊಂದು ಕುದುರೆ ಇರಲೇಬೇಕು. ಸಮವಯಸ್ಸಿನ ಒಂದು ಮರಿ, ಸಮಾಧಾನದ ಒಂದು ಹಿರಿ ಕುದುರೆ ಇದ್ದರೆ ತುಂಬ ಒಳ್ಳೆಯದು. ಎಲ್ಲಿ ಕಚ್ಚಬಾರದು, ಯಾರಿಗೆ ದಾರಿ ಬಿಡಬೇಕು ಅನ್ನುವುದನ್ನು ಮರಿಗೆ ಹಿರಿ ಕುದುರೆ ಕಲಿಸುವಷ್ಟು ಚೆನ್ನಾಗಿ ನಾವು ಕಲಿಸಲಾರೆವು.

ಈಗ ಬೇಲಿ. ನಮ್ಮ ಕಡೆ ಕಲ್ಲು ಕಂಬ ನೆಟ್ಟು ಮುಳ್ಳುತಂತಿ ಎಳೆಯುವುದು ವಾಡಿಕೆ. ಹಸು ತಂತಿ ಕಂಡರೆ ಹಿಂದೆ ಸರಿಯುತ್ತದೆ. ಬೆದರಿದ ಕುದುರೆ ಅದರೊಳಗೇ ನುಗ್ಗುತ್ತದೆ. ಕಾಲು ಸಿಕ್ಕಿದರೆ ಎಳೆದೆಳೆದು ಚರ್ಮ, ನರ ಎಲ್ಲ ಹರಿದುಕೊಳ್ಳುತ್ತದೆ. ಮರದ ಅಥವಾ ಪೈಪಿನ ಬೇಲಿ, ಇಲ್ಲದಿದ್ದರೆ ಅಗಲವಾದ ಪಟ್ಟಿಯ ಬೇಲಿ ಇರಬೇಕು. ಹೊರಗಡೆ ಮುಳ್ಳುತಂತಿ ಇದ್ದೇ ಇದ್ದರೆ ಒಳಗಡೆ ಇನ್ನೊಂದು ಬೇಲಿ ಬೇಕು.

ಬೇಲಿಯ ಗಿಡಗಳನ್ನೂ ಗುರುತಿಸಿ. ತೋಟದ ಮನೆಗಳಲ್ಲಿ ಅಂದಕ್ಕೆ ಕಣಗಿಲೆ ನೆಡುತ್ತಾರೆ. ಅದರ ಒಂದು ಹಿಡಿ ಎಲೆ ಸಾಕು, ಕುದುರೆಯ ಹೃದಯ ನಿಲ್ಲುತ್ತದೆ. ಒಣಗಿದ ಎಲೆಯೂ ಅಷ್ಟೇ ವಿಷ. ಕತ್ತರಿಸಿದ ಕೊಂಬೆಯನ್ನು ಹುಲ್ಲಿನ ರಾಶಿಯ ಪಕ್ಕ ಎಸೆದಿದ್ದರೆ ಇನ್ನೂ ಅಪಾಯ. ಪಕ್ಕದ ಹೊಲದಲ್ಲಿ ಹರಳು ಬೆಳೆದಿದ್ದರೆ ಅದರ ಬೀಜವೂ ಕುದುರೆಗೆ ವಿಷವೇ.

ರಾತ್ರಿ ಕಟ್ಟುವ ಕೋಣೆ 12 ಅಡಿಗೆ 12 ಅಡಿ ಇದ್ದರೆ ಸಾಕು. ಗಾಳಿ ಆಡಬೇಕು, ನೆಲ ಜಾರಬಾರದು. ನುಣುಪಾದ ಕಡಪ ಕಲ್ಲು ಒದ್ದೆಯಾದರೆ ಮರಿ ಎದ್ದೇಳುವಾಗ ಜಾರುತ್ತದೆ.

5. ಮೇವು: ಇಲ್ಲಿ ಅವಸರ ಮಾಡಬೇಡಿ

ಕುದುರೆಯನ್ನು ಹಸುವಿನಂತೆ ಸಾಕುವುದೇ ನಾನು ಹೆಚ್ಚಾಗಿ ಕಂಡ ತಪ್ಪು. ಕುದುರೆಯ ಜಠರ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಂದೇ ಸಲ ಬುಟ್ಟಿ ತುಂಬ ಹುರುಳಿ ಸುರಿದರೆ ಹೊಟ್ಟೆನೋವು ಬರುತ್ತದೆ. ಇದಕ್ಕೆ ಕಾಲಿಕ್ ಅನ್ನುತ್ತಾರೆ. ಕುದುರೆ ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುವುದು, ಕಾಲಿನಿಂದ ನೆಲ ಕೆರೆಯುವುದು, ಬಿದ್ದು ಹೊರಳುವುದು, ಲದ್ದಿ ಹಾಕದಿರುವುದು ಇದರ ಗುರುತು. ಕುದುರೆಗಳು ಸಾಯುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಕುದುರೆಯ ಮುಖ್ಯ ಆಹಾರ ಹುಲ್ಲು. ತೂಕದ ಶೇಕಡಾ 1.5ರಿಂದ 2ರಷ್ಟು ಒಣಮೇವು ದಿನಕ್ಕೆ ಬೇಕು. 300 ಕೆಜಿ ಮರಿಗೆ ನಾಲ್ಕೂವರೆಯಿಂದ ಆರು ಕೆಜಿ. ಅದನ್ನು ಮೂರು ನಾಲ್ಕು ಸಲ ಹಂಚಿ ಹಾಕಬೇಕು. ರಾತ್ರಿಗೂ ಹುಲ್ಲು ಇರಬೇಕು. ನಮ್ಮ ಕಡೆ ಸಿಗುವುದರಲ್ಲಿ ಗರಿಕೆ ತುಂಬ ಒಳ್ಳೆಯದು. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಕ್ಯಾಲ್ಸಿಯಂ ಕೊಡುತ್ತದೆ. ರಾಗಿ ಹುಲ್ಲು ಸ್ವಲ್ಪ ಮಟ್ಟಿಗೆ ನಡೆಯುತ್ತದೆ, ಆದರೆ ಬೆಳೆಯುವ ಮರಿಗೆ ಅದೇ ಮುಖ್ಯ ಮೇವಾಗಬಾರದು.

ಈಗ ನೇಪಿಯರ್ ಹುಲ್ಲಿನ ವಿಷಯ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಕೋ-4, ಕೋ-5 ತಳಿಗಳು ಹಸುವಿಗೆ ಒಳ್ಳೆಯ ಮೇವು. ಆದರೆ ನೇಪಿಯರ್‌ನಲ್ಲಿ ಆಕ್ಸಲೇಟ್ ಅನ್ನುವ ಅಂಶ ಇದೆ. ಅದು ಮೇವಿನ ಕ್ಯಾಲ್ಸಿಯಂಅನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ಹಸುವಿನ ಹೊಟ್ಟೆ ಇದನ್ನು ಬಹುಮಟ್ಟಿಗೆ ಅರಗಿಸಿಕೊಳ್ಳುತ್ತದೆ, ಕುದುರೆಯದು ಅರಗಿಸಿಕೊಳ್ಳುವುದಿಲ್ಲ. ಇದರ ಜೊತೆಗೆ ಗೋಧಿ ಬೂಸಾ ಸೇರಿದರೆ ಇನ್ನೂ ಕೆಟ್ಟದು. ಬೂಸಾದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಬಹಳ ಕಡಿಮೆ. ಕೊರತೆ ತುಂಬಲು ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ.

ನನ್ನ ಹೆಣ್ಣು ಮರಿಗೆ ಆದದ್ದು ಇದೇ. ಒಂದು ಲಾಯದಲ್ಲಿ ತಿಂಗಳುಗಟ್ಟಲೆ ನೇಪಿಯರ್ ಮತ್ತು ಬೂಸಾ ಮಾತ್ರ ಹಾಕಿದ್ದರು. ನೋಡಲು ಮೈ ತುಂಬಿಕೊಂಡಿತ್ತು, ನಾನೂ ಖುಷಿಪಟ್ಟೆ. ಆಮೇಲೆ ಹೆಜ್ಜೆ ಬಿಗಿಯಾಯಿತು. ಇವತ್ತು ಒಂದು ಕಾಲು ಕುಂಟಿದರೆ ನಾಳೆ ಇನ್ನೊಂದು. ವೈದ್ಯರು ಬಂದವರು ಕಾಲು ಮುಟ್ಟುವ ಮೊದಲೇ ಮುಖ ಸವರಿದರು. ಕಣ್ಣಿನ ಕೆಳಗಿನ ಮೂಳೆಯ ಏಣು ಬೆರಳಿಗೆ ಚೂಪಾಗಿ ಸಿಗಬೇಕಿತ್ತು. ಎರಡೂ ಕಡೆ ಉಬ್ಬಿ ದುಂಡಗಾಗಿತ್ತು. ಮೇವು ಬದಲಿಸಿ, ಕ್ಯಾಲ್ಸಿಯಂ ಕೊಟ್ಟ ಮೇಲೆ ನಡಿಗೆ ಸರಿಹೋಯಿತು. ಮುಖದ ಉಬ್ಬು ಪೂರ್ತಿ ಇಳಿಯಲಿಲ್ಲ. ನೀವು ನೋಡುವ ಲಾಯದಲ್ಲಿ ನೇಪಿಯರ್ ಹಾಕುತ್ತಾರಾ? ಹಾಕಿದರೆ ಅದು ಮುಖ್ಯ ಮೇವಾ, ಜೊತೆಗೆ ಲೂಸರ್ನ್ ಅಥವಾ ಖನಿಜ ಮಿಶ್ರಣ ಇದೆಯಾ ಅಂತ ಕೇಳದೆ ಬರಬೇಡಿ.

ಮೇವಿನ ಕೋಣೆ ತೆಗೆಸಿ ನೋಡಿ. ಹುಲ್ಲಿನ ಕಟ್ಟಿನ ಮಧ್ಯಕ್ಕೆ ಕೈ ತೂರಿಸಿ ಒಂದು ಹಿಡಿ ಎಳೆದು ಮೂಸಿ. ಒಣ ಹೊಲದ ವಾಸನೆ ಬರಬೇಕು. ಬೂಷ್ಟು ಹಿಡಿದ ಹುಲ್ಲು ಒದರಿದರೆ ಬೂದಿಯಂಥ ಧೂಳು ಏಳುತ್ತದೆ, ಮೂಗು ಕಟ್ಟುತ್ತದೆ. ಬೂಷ್ಟು ಹಿಡಿದ ಮುಸುಕಿನ ಜೋಳ ಕುದುರೆಯ ಮಿದುಳನ್ನೇ ಕೆಡಿಸಬಹುದು. ಪಕ್ಕದಲ್ಲಿ ಕೋಳಿ ಫಾರಂ ಇದೆಯಾ? ಕೆಲವು ಕೋಳಿ ಮತ್ತು ದನದ ಫೀಡ್‌ಗಳಲ್ಲಿ ಮೊನೆನ್ಸಿನ್ ಅನ್ನುವ ಔಷಧ ಬೆರೆಸಿರುತ್ತಾರೆ. ಕೋಳಿಗೆ ಏನೂ ಆಗುವುದಿಲ್ಲ, ಕುದುರೆ ಸಾಯುತ್ತದೆ. ಎರಡೂ ಫೀಡನ್ನು ಒಂದೇ ಕೋಣೆಯಲ್ಲಿ, ಒಂದೇ ಮೊರದಲ್ಲಿ ಅಳೆಯುವ ಜಾಗ ಬೇಡವೇ ಬೇಡ.

6. ನೋಡಿಕೊಳ್ಳುವ ವ್ಯಕ್ತಿ ಯಾರು?

ಕುದುರೆಯ ಕೆಲಸ ಮಾಡುವವರಿಗೆ ಸೈಸ್ ಅನ್ನುತ್ತಾರೆ. ನಿಮ್ಮ ಮರಿಯ ಕಷ್ಟಸುಖ ಮೊದಲು ಕಾಣುವುದು ಅವರಿಗೇ. ಮಾಲೀಕರ ಹತ್ತಿರ ಮಾತಾಡಿದ ಮೇಲೆ ಸೈಸ್ ಹತ್ತಿರ ಹತ್ತು ನಿಮಿಷ ನಿಲ್ಲಿ. ಒಬ್ಬರ ಕೈಲಿ ಎಷ್ಟು ಕುದುರೆ ಇದೆ? ನಾಲ್ಕೈದಕ್ಕಿಂತ ಜಾಸ್ತಿಯಾದರೆ ನಿಗಾ ಕಡಿಮೆಯಾಗುತ್ತದೆ. "ಅಣ್ಣಾ, ಬೆಳಗ್ಗೆ ಈ ಕುದುರೆ ಲದ್ದಿ ಹೇಗೆ ಹಾಕಿತ್ತು?" ಅಂತ ಕೇಳಿ ನೋಡಿ. ತಟ್ಟನೆ ಉತ್ತರ ಬಂದರೆ ಅವರು ನೋಡುತ್ತಿದ್ದಾರೆ.

ಮರಿಯ ಹತ್ತಿರ ಹೋಗುವಾಗ ಅವರ ಕೈ, ಧ್ವನಿ ಗಮನಿಸಿ. ಅವರು ಬರುತ್ತಿದ್ದಂತೆ ಕುದುರೆ ಕಿವಿ ಮುಂದೆ ಮಾಡಿ ನೋಡುತ್ತದಾ, ಮೂಲೆಗೆ ಸರಿದು ಹಿಂಭಾಗ ತಿರುಗಿಸುತ್ತದಾ?

ಇನ್ನೊಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ. ಇಲ್ಲಿಂದ ಮದುವೆ ಮೆರವಣಿಗೆಗೆ ಕುದುರೆ ಕಳಿಸುತ್ತೀರಾ? ಕಳಿಸುವ ಲಾಯವೆಲ್ಲ ಕೆಟ್ಟದ್ದಲ್ಲ. ಆದರೆ ಹೊರಗೆ ಹೋಗಿ ಬರುವ ಕುದುರೆಗಳು ಕಾಯಿಲೆ ತರಬಹುದು. ಲಗ್ನದ ಸೀಸನ್‌ನಲ್ಲಿ ಆಳುಗಳೆಲ್ಲ ಅತ್ತ ಹೋದರೆ ನಿಮ್ಮ ಮರಿಗೆ ನೀರು ಹಾಕುವವರೂ ಇರುವುದಿಲ್ಲ.

7. ಕಾಯಿಲೆ ತಡೆಯುವ ವ್ಯವಸ್ಥೆ

ಹೊಸ ಕುದುರೆ ಬಂದರೆ ಎರಡು ಮೂರು ವಾರ ಬೇರೆ ಇಡುತ್ತಾರಾ ಅಂತ ಕೇಳಿ. ನಿಮ್ಮದನ್ನು ಬೇರೆ ಇಡುತ್ತೇವೆ ಅಂದರೆ ಬೇಜಾರಾಗಬೇಡಿ, ಅದು ಒಳ್ಳೆಯ ಲಾಯದ ಲಕ್ಷಣ. ಎಳೆ ಕುದುರೆಗಳಿಗೆ ಸ್ಟ್ರಾಂಗಲ್ಸ್ ಬೇಗ ಹತ್ತುತ್ತದೆ. ಜ್ವರ ಬಂದು, ದವಡೆಯ ಕೆಳಗೆ ಗಡ್ಡೆ ಊದಿ ಕೀವಾಗುವ ಕಾಯಿಲೆ ಅದು. ಒಂದೇ ಬಕೆಟ್ಟಿನ ನೀರಿನಿಂದಲೂ ಹರಡುತ್ತದೆ.

ಗ್ಲ್ಯಾಂಡರ್ಸ್ ಇನ್ನೂ ಗಂಭೀರ. ಮನುಷ್ಯರಿಗೂ ಹರಡುತ್ತದೆ. ಇದಕ್ಕೆ ಚಿಕಿತ್ಸೆ ಮಾಡಿಸುತ್ತಾ ಕೂರುವ ಹಾಗಿಲ್ಲ. ಖಚಿತವಾದರೆ 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯ ಪ್ರಕಾರ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ. ರಕ್ತದ ಮಾದರಿಯನ್ನು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸುತ್ತಾರೆ. ಜಾತ್ರೆಯಿಂದ ತಂದ ಮರಿಗೆ ಈ ಪರೀಕ್ಷೆ ಮಾಡಿಸಿದ ಮೇಲೆಯೇ ಲಾಯಕ್ಕೆ ಬಿಡಿ. ಅಲ್ಲಿರುವ ಕುದುರೆಗಳ ವರದಿಯನ್ನೂ ಕೇಳಿ.

ಧನುರ್ವಾಯು ಮತ್ತು ರೇಬೀಸ್ ಲಸಿಕೆ ಬಿಡುವಂತಿಲ್ಲ. ಸಣ್ಣ ಮೊಳೆ ಚುಚ್ಚಿದರೂ ಕುದುರೆಗೆ ಧನುರ್ವಾಯು ಬರಬಹುದು. ಜಂತು ಔಷಧ ಲದ್ದಿ ಪರೀಕ್ಷೆ ಮಾಡಿಸಿ ಕೊಡುವುದು ಒಳ್ಳೆಯದು. ಮಳೆಗಾಲದ ನಂತರ ಕಚ್ಚುವ ದೊಡ್ಡ ನೊಣಗಳಿಂದ ಸರ್ರಾ ಅನ್ನುವ ಜ್ವರದ ಕಾಯಿಲೆ, ಉಣ್ಣಿಯಿಂದ ರಕ್ತದ ಕಾಯಿಲೆಗಳು ಬರುತ್ತವೆ. ಲದ್ದಿ ಗುಂಡಿ ಲಾಯದಿಂದ ದೂರ ಇದೆಯಾ ನೋಡಿ. ಲಾಳ ಹೊಡೆಯದಿದ್ದರೂ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು.

8. ಬರೆದುಕೊಳ್ಳಿ

ಎಷ್ಟೇ ಪರಿಚಯದವರಾದರೂ ಬಾಯಿಮಾತು ಬೇಡ. ಪತ್ರ ತಮಿಳಿನಲ್ಲಿದ್ದರೆ ಓದಿಸಿ ಅರ್ಥ ಮಾಡಿಕೊಂಡೇ ಸಹಿ ಹಾಕಿ. ತಿಂಗಳ ದುಡ್ಡಿನಲ್ಲಿ ಏನೇನು ಸೇರಿದೆ, ಗೊರಸು ಮತ್ತು ಲಸಿಕೆ ಬೇರೆಯಾ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು ಎಲ್ಲ ಇರಲಿ. ಎರಡು ಸಾಲು ಮರೆಯಬೇಡಿ. ನೀವು ಫೋನಿಗೆ ಸಿಗದಿದ್ದರೂ ತುರ್ತಿನಲ್ಲಿ ವೈದ್ಯರನ್ನು ಕರೆಸಬಹುದು ಅನ್ನುವುದು ಒಂದು. ನಿಮ್ಮ ಒಪ್ಪಿಗೆ ಇಲ್ಲದೆ ಮರಿಯ ಮೇಲೆ ಯಾರೂ ಕೂರಬಾರದು, ಹೊರಗೆ ಒಯ್ಯಬಾರದು ಅನ್ನುವುದು ಇನ್ನೊಂದು.

ಮರಿಯ ನಾಲ್ಕೂ ಬದಿಯ ಫೋಟೋ, ಸುಳಿಗಳ ಫೋಟೋ ತೆಗೆದು ಪತ್ರಕ್ಕೆ ಸೇರಿಸಿ. ಹಿರಿಯರು ಸುಳಿ ನೋಡಿ ಶುಭ ಅಶುಭ ಹೇಳುತ್ತಿದ್ದರು. ಗುರುತಿಗೆ ಅದು ನಿಜವಾಗಿಯೂ ಉಪಯೋಗ, ಬೆಳೆದರೂ ಸುಳಿಯ ಜಾಗ ಬದಲಾಗುವುದಿಲ್ಲ.

9. ಕರೆದುಕೊಂಡು ಹೋಗುವ ದಿನ ಮತ್ತು ಮೊದಲ ತಿಂಗಳು

ಗಾಡಿಯಲ್ಲಿ ಸಾಗಿಸಲು ವೈದ್ಯರ ಆರೋಗ್ಯ ಪ್ರಮಾಣಪತ್ರ ಜೊತೆಗಿರಲಿ, ಅತ್ತಿಬೆಲೆ ಗಡಿ ದಾಟುವುದಾದರೆ ಇನ್ನೂ ಮುಖ್ಯ. ಬಿಸಿಲೇರುವ ಮೊದಲೇ ಹೊರಡಿ. ಹಳೆಯ ಜಾಗದ ಹುಲ್ಲನ್ನು ಹತ್ತು ದಿನಕ್ಕಾಗುವಷ್ಟು ಜೊತೆಗೆ ಒಯ್ಯಿರಿ. ದಿನಾ ಸ್ವಲ್ಪ ಸ್ವಲ್ಪ ಹೊಸ ಮೇವು ಬೆರೆಸುತ್ತಾ ಬದಲಿಸಿ, ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುತ್ತದೆ. ದೀಪಾವಳಿಗೆ ಹದಿನೈದು ದಿನ ಇರುವಾಗ ಸಾಗಿಸಬೇಡಿ. ಹೊಸ ಜಾಗ, ಹೊಸ ಜನ, ಮೇಲೆ ಪಟಾಕಿ, ಮರಿ ತಡೆಯುವುದಿಲ್ಲ.

ಮೊದಲ ಎರಡು ವಾರ ದಿನಾ ಬೆಳಗ್ಗೆ ಜ್ವರ ನೋಡಿಸಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಾಧಾರಣ. ತಿಂಗಳಾದ ಮೇಲೆ ಮರಿಯ ಲದ್ದಿಯ ಐದಾರು ಉಂಡೆಗಳನ್ನು ಗಾಜಿನ ಬಾಟಲಿಯ ನೀರಿನಲ್ಲಿ ಕದಡಿ ಅರ್ಧ ಗಂಟೆ ಇಡಿ. ತಳದಲ್ಲಿ ಮರಳಿನ ಪದರ ಕಂಡರೆ ಮೇವನ್ನು ನೆಲದ ಮೇಲೆ ಸುರಿಯುತ್ತಿದ್ದಾರೆ ಅಂತ ಅರ್ಥ, ಮರಿ ಹುಲ್ಲಿನ ಜೊತೆ ಮರಳೂ ನುಂಗುತ್ತಿದೆ. ಹೊಟ್ಟೆಯಲ್ಲಿ ಅದು ಗಟ್ಟಿಯಾಗುವ ಮೊದಲು ಒಂದು ಸಿಮೆಂಟಿನ ತೊಟ್ಟಿ ಅಥವಾ ರಬ್ಬರ್ ಚಾಪೆ ಹಾಕಿಸಿ. ಬಾಟಲಿಯನ್ನು ಸೈಸ್‌ಗೂ ತೋರಿಸಿ. ಕಣ್ಣಾರೆ ಕಂಡರೆ ಮರುದಿನದಿಂದಲೇ ಮೇವು ತೊಟ್ಟಿಗೆ ಬೀಳುತ್ತದೆ.